ಸಿರುಗುಪ್ಪದ ಗದ್ದೆಗೆ ನನ್ನನ್ನು ಇಳಿಸಿದ ದೇವರು

ವಿಶ್ವಾಸಿ ಬಂಧುಗಳೇ, ಕಾಯಿಲೆ ಕೊಡು ಎಂದು ದೇವರನ್ನು ಬೇಡಿಕೊಂಡವಳು ನಮ್ಮ ಸಭೆಯಲ್ಲಿ ನಾನೊಬ್ಬಳೇ ಇರಬೇಕು. ಎಪ್ಪತ್ತರ ದಶಕದ ಒಂದು ಆಗಸ್ಟ್ ತಿಂಗಳು. ಬಳ್ಳಾರಿ ಕಂಟೋನ್ಮೆಂಟಿನ ಒಂದು ಹಾಸ್ಟೆಲಿನಲ್ಲಿ ನಾನು ಹೊಲಿಗೆ ಟೀಚರ್. ಐದು ದಿನ ಸಿರುಗುಪ್ಪದ ಕಡೆ ಸುವಾರ್ತೆ ಸಾರಿ, ಬರುವಾಗ ಕುರುಗೋಡಿನಲ್ಲಿ ಇಳಿದು ಬರುವ ಹೆಂಗಸರ ತಂಡವೊಂದು ಹೊರಟಿತ್ತು. ಪಾದ್ರಿಗಳ ಹೆಂಡತಿ, ನಾವೆಲ್ಲ ಅಮ್ಮನವರು ಎನ್ನುವವರು, ನನ್ನನ್ನು ಕೇಳದೆಯೇ ನನ್ನ ಹೆಸರು ಬರೆದುಬಿಟ್ಟರು.

ಕುರುಗೋಡು ನನ್ನೂರು. ಅಲ್ಲಿ ನಮ್ಮಪ್ಪನಿಗೆ ಹತ್ತು ಎಕರೆ ಗದ್ದೆ ಇತ್ತೆಂದು ಸಭೆಯವರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದೆ. ನಿಜವೆಂದರೆ ಅಪ್ಪ ತೀರಿಕೊಂಡ ಮೇಲೆ ಅವ್ವ ಕಂಡವರ ಗದ್ದೆಯಲ್ಲಿ ಭತ್ತದ ನಾಟಿ ಹಾಕಿ ನನ್ನನ್ನು ಓದಿಸಿದ್ದಳು. ಹದಿನೈದರವರೆಗೆ ನಾನೂ ಅವಳ ಪಕ್ಕ ಬಗ್ಗಿ ಸಸಿ ನೆಟ್ಟವಳೇ. ಇದು ಬಯಲಾದರೆ ಯಾವ ಮುಖ ಹೊತ್ತು ಚರ್ಚಿಗೆ ಹೋಗಲಿ? ಒಂದು ವಾರದ ಜ್ವರ ಕೊಡು ಕರ್ತನೇ ಎಂದು ಮೊಣಕಾಲೂರಿದೆ. ನೆಗಡಿಯೂ ಬರಲಿಲ್ಲ. ಅಳುತ್ತಲೇ ಬಸ್ಸು ಹತ್ತಿದೆ.

ಸಿರುಗುಪ್ಪದ ಹತ್ತಿರದ ಹಳ್ಳಿಯಲ್ಲಿ ಎರಡು ದಿನ ಮಟಮಟ ಮಧ್ಯಾಹ್ನ ಹಾರ್ಮೋನಿಯಂ ಹೊತ್ತು ಓಣಿ ಓಣಿ ಸುತ್ತಿದೆವು. ಮನೆಗಳಿಗೆಲ್ಲ ಚಿಲಕ. ನಮ್ಮ ಹಾಡು ಕೇಳಿದವನೆಂದರೆ ಒಬ್ಬ ಕಿವುಡಜ್ಜ. ಈ ಊರಿನವರದು ಕಲ್ಲೆದೆ, ನಾಳೆ ನೇರ ಬಳ್ಳಾರಿಗೆ ಹಿಂದಿರುಗೋಣ ಎಂದು ಅಮ್ಮನವರು ಕಣ್ಣೊರೆಸಿಕೊಂಡರು.

ನಾನು ಬೇಡಿದ್ದು ಕೈಗೂಡಿತ್ತು. ಕುರುಗೋಡಿಗೆ ಹೋಗುವುದೇ ತಪ್ಪುತ್ತಿತ್ತು, ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ನಾಟಿ ಹಾಕುವ ಹೆಂಗಸರನ್ನು ಕಲ್ಲೆದೆಯವರು ಎಂದದ್ದು ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟು ಕೊಟ್ಟವನು ದೇವರೇ ಎಂದು ಈಗಲೂ ನಂಬಿದ್ದೇನೆ.

"ಅಮ್ಮನೋರೆ, ಕಾಲುವಿಗೆ ನೀರು ಬಿಟ್ಟಾರ. ನಾಟಿ ಹಂಗಾಮಿನಾಗ ಹಗಲೊತ್ತು ಮನ್ಯಾಗ ಯಾರಿರ್ತಾರ್ರಿ? ನಾವೇ ಗದ್ದಿಗೆ ಹೋಗೋಣ ಬರ್ರಿ."

ಮರುದಿನ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ. ವರ್ಷಗಟ್ಟಲೆ ಸೂಜಿ ಹಿಡಿದ ಬೆರಳು ಸಸಿ ಹಿಡಿಯುವುದನ್ನು ಮರೆತಿರಲಿಲ್ಲ. ಆ ಹೆಂಗಸರ ಸಮಸಮಕ್ಕೆ ಹಿಂದೆ ಸರಿಯುತ್ತ ಸಾಲು ಹಿಡಿದೆ. ಪಟ್ಟಣದಾಕೆಗೆ ಇದೆಲ್ಲಿ ಬಂತು ಎಂದು ಪಕ್ಕದವಳು ಕೇಳಿದಳು. ಬದುವಿನ ಮೇಲೆ ಇಡೀ ತಂಡ ನಿಂತಿತ್ತು.

"ನಮ್ಮವ್ವ ಕುರುಗೋಡಾಗ ಕೂಲಿ ನಾಟಿ ಹಾಕ್ತಾಳ. ಆಕಿನೇ ಕಲಿಸ್ಯಾಳ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಅಮ್ಮನವರೂ ಚಪ್ಪಲಿ ಬಿಟ್ಟು ಕೆಸರಿಗೆ ಇಳಿದರು. ಅವರು ನೆಟ್ಟ ಸಸಿಗಳನ್ನೆಲ್ಲ ನಾನು ಮತ್ತೆ ನೆಡಬೇಕಾಯಿತು, ಅದು ಬೇರೆ ಮಾತು. ಅಂದು ಸಂಜೆಯ ಪ್ರಾರ್ಥನಾ ಕೂಟದಲ್ಲಿ ಕೂರಲು ಜಾಗವಿರಲಿಲ್ಲ.

ಕಡೆಯ ದಿನ ಕುರುಗೋಡಿನಲ್ಲಿ ನಾನೇ ಮುಂದಾಗಿ ಎಲ್ಲರನ್ನೂ ಅವ್ವನ ಗುಡಿಸಲಿಗೆ ಕರೆದೊಯ್ದೆ. ಅವಳು ಆಗತಾನೇ ಗದ್ದೆಯಿಂದ ಬಂದಿದ್ದಳು. ನಾನು ಹೇಳಿಕೊಂಡು ತಿರುಗುತ್ತಿದ್ದ ಸುಳ್ಳು ಅವ್ವನಿಗೆ ಗೊತ್ತಿತ್ತು, ಅದು ಬಯಲಾದದ್ದು ಗೊತ್ತಿರಲಿಲ್ಲ. ಅಮ್ಮನವರನ್ನು ಕಂಡು ಗಾಬರಿಯಾಗಿ ಕೈಕಟ್ಟಿ ನಿಂತಳು. "ನಾನು ಇವರ ಮನಿ ಆಳ್ರಿ" ಎಂದಳು, ಮಗಳ ಮಾನ ಉಳಿಸಲು.

ಅವಳ ಕೆಸರುಗೈ ಹಿಡಿದು ಅಮ್ಮನವರ ಎದುರಿಗೆ ನಿಲ್ಲಿಸಿದೆ.

"ಅಲ್ರಿ. ಈಕಿ ನಮ್ಮವ್ವ."

ಆ ಮಾತಾಡಲು ಬಾಯಿ ಕೊಟ್ಟ ಕರ್ತನಿಗೆ ಸ್ತೋತ್ರ. ಮರುವರ್ಷ ಅವ್ವನೂ ನಮ್ಮ ತಂಡದ ಜೊತೆ ಹೊರಟಳು. ಗದ್ದೆಗೆ ಎಲ್ಲರಿಗಿಂತ ಮೊದಲು ಇಳಿದವಳು ಅವಳು. ಅವಳ ಮಗಳು ನಾನೆಂದು, ಯಾರೂ ಕೇಳುವ ಮೊದಲೇ ಹೇಳಿದೆ.