ಇಲ್ಲದ ಸಾಲಿನಲ್ಲಿ ನಿಂತವಳು

ವಿಮಾನದಲ್ಲಿ ಕೂತು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡ ಮೇಲೆ ಓಗುಲ್‌ಗೆರೆಕ್‌ಳನ್ನು ಕೆಳಗಿಳಿಸಿದರು. ಸಮವಸ್ತ್ರದ ಹುಡುಗಿಯೊಬ್ಬಳು ಬಂದು, "ಅಕ್ಕ, ಒಂಚೂರು ಬನ್ನಿ. ಚೀಲಾನೂ ತಗೊಳ್ಳಿ" ಎಂದಳು. ಚೀಲವನ್ನೂ ತಗೊಳ್ಳಿ ಅಂದಾಗಲೇ ಅವಳಿಗೆ ತಿಳಿದುಹೋಯಿತು. ಆ ಚೀಲದಲ್ಲಿ ಹುಟ್ಟಲಿರುವ ಮೊಮ್ಮಗುವಿಗೆ ಹೊಲಿದ ಅಂಗಿಗಳಿದ್ದವು, ಸೀಳಿ ಒಣಗಿಸಿ ಜಡೆಯಂತೆ ಹೆಣೆದ ಕರಬೂಜವಿತ್ತು. ತುರ್ಕಿಯ ಬಟ್ಟೆ ಗಿರಣಿಯಲ್ಲಿ ದುಡಿಯುವ ಮಗಳು ಮಾಹ್ರಿಗೆ ದಿನ ತುಂಬುತ್ತಿತ್ತು. ಬಾಣಂತನಕ್ಕೆ ತಾಯಿಯಲ್ಲದೆ ಇನ್ಯಾರು ಹೋಗಬೇಕು?

ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಪಾಸ್‌ಪೋರ್ಟನ್ನು ತಿರುವಿ ನೋಡಿ ವಾಪಸು ಕೊಟ್ಟ.

"ನಿಮಗೆ ದಾರಿ ಮುಚ್ಚಿದೆ."

"ಯಾಕಪ್ಪಾ?"

"ನಂಗೊತ್ತಿಲ್ಲ."

"ಎಷ್ಟು ದಿನ?"

"ಅದೂ ಗೊತ್ತಿಲ್ಲಕ್ಕ. ಹೊರಗಡೆ ಟ್ಯಾಕ್ಸಿ ಸಿಗುತ್ತೆ."

ಅವನಿಗೆ ಗೊತ್ತಿತ್ತೋ ಇಲ್ಲವೋ, ಓಗುಲ್‌ಗೆರೆಕ್‌ಗೆ ಮಾತ್ರ ಗೊತ್ತಿತ್ತು. ಅವಳ ತಮ್ಮ ಹುದಾಯ್‌ಬೆರ್ದಿ ದೇಶ ಬಿಟ್ಟು ವರ್ಷಗಳಾಗಿದ್ದವು. ಯುರೋಪಿನ ಯಾವುದೋ ಊರಿನಲ್ಲಿ, ತನ್ನಂತೆಯೇ ಓಡಿಹೋದ ನಾಲ್ಕಾರು ತುರ್ಕ್‌ಮೆನ್ನರ ಜೊತೆ ಸೇರಿ ಪುಟ್ಟದೊಂದು ರೇಡಿಯೊ ನಡೆಸುತ್ತಿದ್ದ. ಇಲ್ಲಿ ಯಾರೂ ಬಾಯಿಬಿಡದ ಸಂಗತಿಗಳನ್ನು ಅವನು ಅಲ್ಲಿಂದ ಹೇಳುತ್ತಿದ್ದ. ಅದನ್ನು ಕೇಳುವುದು ಅಪರಾಧವಾಗಿತ್ತು, ಜನ ಕೇಳುತ್ತಿದ್ದರು.

ಓಗುಲ್‌ಗೆರೆಕ್‌ಳ ಅನ್ನವೂ ಸುದ್ದಿಯದೇ. ಮುರ್ಗಾಬ್ ನದಿಯ ದಡದ ತಮ್ಮ ಪಟ್ಟಣದ ಸರ್ಕಾರಿ ಪತ್ರಿಕೆಯಲ್ಲಿ ಅವಳು ಕರಡು ತಿದ್ದುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಸಾಕಿದ್ದು ಆ ಕೆಲಸವೇ. ಮೊದಲ ಪುಟದಲ್ಲಿ ಯಾವತ್ತೂ ದೇಶವಾಳುವ ದೊಡ್ಡವರ ಚಿತ್ರ ಇರುತ್ತಿತ್ತು. ಅವರ ಹೆಸರು ಸಾಲಿನ ಕೊನೆಯಲ್ಲಿ ತುಂಡಾಗಿ ಅರ್ಧ ಕೆಳಗೆ ಇಳಿಯಬಾರದು. ಒಮ್ಮೆ ಹಾಗೆ ಇಳಿದು, ಅವಳ ಪಕ್ಕದ ಮೇಜಿನವಳು ಕೆಲಸ ಕಳೆದುಕೊಂಡಿದ್ದಳು. ಹತ್ತಿ ಪ್ರತಿ ವರ್ಷ ಗುರಿ ಮೀರಿ ಬೆಳೆಯುತ್ತಿತ್ತು, ಗೋಧಿ ಅದಕ್ಕೂ ಮುಂಚೆಯೇ ಮೀರುತ್ತಿತ್ತು. ಆ ವಾಕ್ಯಗಳ ಕಾಮಾಗಳನ್ನು ಸರಿಪಡಿಸಿಟ್ಟು ಅವಳು ನಸುಕಿನಲ್ಲೇ ಸರ್ಕಾರಿ ಅಂಗಡಿಯ ಮುಂದೆ ರೊಟ್ಟಿಗಾಗಿ ಸಾಲಿನಲ್ಲಿ ನಿಲ್ಲುತ್ತಿದ್ದಳು. ಆ ಸಾಲಿನ ಸಂಗತಿಯನ್ನು ತಮ್ಮನಿಗೆ ಹೇಳಿದ್ದೂ ಅವಳೇ. ಸರ್ಕಾರದ ತಡೆ ದಾಟಿಸುವ ಕಳ್ಳದಾರಿಯ ಆ್ಯಪ್ ಹಾಕಿಕೊಂಡು ಫೋನಿನಲ್ಲಿ ಮಾತಾಡುವಾಗ, ಹೊಟ್ಟೆಯುರಿಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಮರುವಾರ ಅದು ರೇಡಿಯೊದಲ್ಲಿ ಬಂತು.

ವಿಮಾನ ತಪ್ಪಿದ ಮೇಲೆ ಅವಳನ್ನು ಕರೆಸಿಕೊಂಡವನ ಹೆಸರು ಯಾಜ್‌ಮುರಾದ್. ಯಾವ ಕಚೇರಿಯವನೆಂದು ಅವನು ಹೇಳಲಿಲ್ಲ, ಆ ಕಟ್ಟಡದಲ್ಲಿ ಹೇಳಬೇಕಾಗಿಯೂ ಇರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ತಾನೇ ಹಸಿರು ಚಹಾ ಬಗ್ಗಿಸಿಕೊಟ್ಟ.

"ನಿಮ್ಮ ಮೇಲೆ ನಮಗೇನೂ ಕೋಪ ಇಲ್ಲ, ಅಕ್ಕ."

"ಹಾಗಾದ್ರೆ ನನ್ನ ಬಿಟ್ಬಿಡಿ. ಮಗಳು ಒಬ್ಬಳೇ ಇದಾಳೆ."

"ಬಿಡೋಣ. ಆದ್ರೆ ಬಾಗಿಲು ಹಾಕಿದೋರು ನಾವಲ್ಲ, ನಿಮ್ಮ ತಮ್ಮ. ಅವನು ಅಲ್ಲಿ ಬಾಯಿ ತೆಗೆದಾಗೆಲ್ಲ ಇಲ್ಲೊಂದು ಬಾಗಿಲು ಮುಚ್ಕೊಳುತ್ತೆ." ಅವನು ಸಕ್ಕರೆಯ ಬಟ್ಟಲನ್ನು ಅವಳತ್ತ ಸರಿಸಿದ. "ಕ್ಯಾಮೆರಾ ಮುಂದೆ ನಾಕು ಮಾತು ಹೇಳಿ. ಪತ್ರಿಕೆಯವರು ನೀವು, ನಿಮಗೆ ಮಾತು ಹೇಳ್ಕೊಡ್ಬೇಕಾ?"

"ನಾನು ಬರೆಯೋಳಲ್ಲ. ಬರೆದಿದ್ದನ್ನ ತಿದ್ದೋಳು."

"ಇನ್ನೂ ಒಳ್ಳೇದೇ ಆಯ್ತು. ಬರೆಯೋದನ್ನ ನಾವು ಬರೆದಿದೀವಿ."

ಅವಳು ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ಮಾಹ್ರಿ ಫೋನಿನಲ್ಲಿ ಏನೂ ಕೇಳುತ್ತಿರಲಿಲ್ಲ. "ಕಾಲು ಊದಿದೆ ಅಮ್ಮ, ಅಷ್ಟೇ" ಎನ್ನುತ್ತಿದ್ದಳು. ಆ 'ಅಷ್ಟೇ' ಅವಳನ್ನು ಒಪ್ಪಿಸಿತು.

ಪತ್ರಿಕೆಯ ಕಚೇರಿಯಲ್ಲೇ ಹೂಕುಂಡದ ಮುಂದೆ ಕೂರಿಸಿ ಓದಿಸಿದರು. "ನನ್ನ ತಮ್ಮ ಹಣಕ್ಕಾಗಿ ತಾಯ್ನಾಡನ್ನು ಮಾರಿದ್ದಾನೆ. ಅವನು ನನ್ನ ಪಾಲಿಗೆ ಸತ್ತ. ನಮ್ಮಲ್ಲಿ ರೊಟ್ಟಿಗೆ ಸಾಲು ಎಂಬುದೇ ಇಲ್ಲ, ಅಂಗಡಿಗಳು ತುಂಬಿ ತುಳುಕುತ್ತಿವೆ." ಅವರು ಬರೆದುಕೊಟ್ಟದ್ದರಲ್ಲಿ ವ್ಯಾಕರಣದ ತಪ್ಪೊಂದಿತ್ತು. ಅವಳ ನಾಲಿಗೆ ತಡವರಿಸದೆ, ಅವಳನ್ನು ಕೇಳದೆ, ಅದನ್ನು ತಿದ್ದಿಕೊಂಡು ಓದಿತು. ಮನೆಗೆ ನಡೆದು ಬರುವಾಗ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯೆನಿಸಿದ್ದು ಅದೇ.

ದೂರದರ್ಶನದಲ್ಲಿ ಅದು ಬಂದ ಮರುದಿನವೂ ಮನೆಗೆ ರೊಟ್ಟಿ ಬೇಕಲ್ಲ. ಶಾಲನ್ನು ಹಣೆಗೆ ಎಳೆದುಕೊಂಡು ಸಾಲಿನ ಕೊನೆಗೆ ಹೋಗಿ ನಿಂತಳು. ಹೆಂಗಸರ ಮಾತು ನಿಂತಿತು. ನಾಲ್ಕೈದು ಜನರಾಚೆ ಮುಂದೆ ನಿಂತಿದ್ದ ಬಿಬಿಹಲ್, ಆ ಬೀದಿಗೆಲ್ಲ ಚಿಕ್ಕಮ್ಮನಾದವಳು, ನಿಧಾನವಾಗಿ ಹಿಂದಕ್ಕೆ ತಿರುಗಿದಳು.

"ಇಲ್ಲೇನು ಮಾಡ್ತಿದೀಯೇ ಓಗುಲ್‌ಗೆರೆಕ್?"

"ರೊಟ್ಟಿಗೆ ಬಂದೆ, ಚಿಕ್ಕಮ್ಮ."

"ಅದು ಸರಿ. ನಿಂತಿರೋದು ಯಾಕೆ? ಸಾಲೇ ಇಲ್ವಲ್ಲ."

ಯಾರೋ ಕಿಸಕ್ಕೆಂದರು. ನಗು ಸಾಲಿನುದ್ದಕ್ಕೂ ಹರಿದು ಅಂಗಡಿಯ ಬಾಗಿಲವರೆಗೂ ಹೋಯಿತು. "ಹೌದ್ರೇ, ನಾವೂ ಇಲ್ಲ ಹಾಗಾದ್ರೆ" ಎಂದಳು ಒಬ್ಬಳು. "ನಾನಂತೂ ಬೆಳಗಿನ ಜಾವದಿಂದ ಇಲ್ಲ" ಎಂದಳು ಇನ್ನೊಬ್ಬಳು. ಓಗುಲ್‌ಗೆರೆಕ್ ನೆಲ ನೋಡುತ್ತ ನಿಂತಳು. ಅಲ್ಲಿಂದ ಓಡಿಹೋಗಬಹುದಿತ್ತು, ಆದರೆ ಓಡಿ ಹೋಗುವುದಕ್ಕೂ ಬೇರೆ ಜಾಗವಿರಲಿಲ್ಲ. ನಗು ಆರಿದ ಮೇಲೆ ಬಿಬಿಹಲ್ ಹಿಂದೆ ಬಂದು ಅವಳ ತೋಳು ಹಿಡಿದು ತನ್ನ ಜಾಗಕ್ಕೆ ಎಳೆದುಕೊಂಡಳು. "ಬಾ, ಇಲ್ಲದಿರೋ ಸಾಲಲ್ಲಿ ನನ್ನ ಹಿಂದೆ ನಿಂತ್ಕೋ. ಗಾಳಿ ತಣ್ಣಗಿದೆ." ಹಿಂದಿನವರು ಗೊಣಗಿದರು, ಆದರೆ ಜಾಗ ಬಿಟ್ಟರು.

ಹುದಾಯ್‌ಬೆರ್ದಿ ಅಂದು ತಾನೇ ಕರೆ ಮಾಡಿದ. "ನೋಡಿದೆ ಅಕ್ಕ. ಇನ್ನೂ ಕೆಟ್ಟದಾಗಿ ಬೈದಿದ್ರೂ ಪರವಾಗಿರ್ಲಿಲ್ಲ. ಮೊದಲು ಮಾಹ್ರಿ ಹತ್ರ ಹೋಗು." ಅವನ ದನಿ ಮಾಮೂಲಿನಂತಿತ್ತು. ಮಾಮೂಲಿನಂತಿರಲು ಅವನು ಪಡುತ್ತಿದ್ದ ಕಷ್ಟ ಅವಳಿಗೆ ಕೇಳಿಸಿತು.

ಎರಡನೆಯ ಸಲ ಅವಳನ್ನು ವಿಮಾನದವರೆಗೂ ಬಿಡಲಿಲ್ಲ. ಗಾಜಿನ ಹಿಂದೆ ಬೇರೆ ಅಧಿಕಾರಿ, ಅದೇ ಮಾತು. ಆ ರಾತ್ರಿಯೇ ಮಾಹ್ರಿಗೆ ಹೆಣ್ಣು ಮಗುವಾಯಿತು. ಪಕ್ಕದ ಕೋಣೆಯ ಸಿರಿಯಾದ ಹೆಂಗಸೊಬ್ಬಳು ಆಸ್ಪತ್ರೆಗೆ ಕರೆದೊಯ್ದಳಂತೆ, ಆಮೇಲೆ ಗಂಜಿ ಮಾಡಿ ಕೊಟ್ಟಳಂತೆ.

ಯಾಜ್‌ಮುರಾದ್‌ನನ್ನು ಕೇಳಿದರೆ ಅವನು ಬೇಸರದಿಂದ ತಲೆಯಾಡಿಸಿದ. "ಮೇಲಿನವರಿಗೆ ಸಾಲಲಿಲ್ಲ, ಅಕ್ಕ. ಅಕ್ಕ ಅನ್ನೋಳು ಮದುವೆಯಾದ ಮೇಲೆ ಪರರ ಮನೆಯವಳು. ತಾಯಿ ಹೇಳಿದ್ರೆ ಅದರ ತೂಕ ಬೇರೆ."

"ಅಮ್ಮ ಮುದುಕಿ. ಅವಳನ್ನ ಎಳೀಬೇಡಿ."

"ಎಳೆಯೋದೇನು ಬಂತು? ನಾವೇ ಮನೆಗೆ ಬರ್ತೀವಿ."

ಬಂದರು. ಅವಳ ತಾಯಿ ಅಕ್‌ಜೆಮಾಲ್ ಹಾಸಿದ ಉಣ್ಣೆಗಂಬಳಿಯ ಮೇಲೆ ಬಿಳಿ ಶಾಲು ಹೊದ್ದು ಕೂತಿದ್ದಳು. ಬಂದವರಿಗೆ ಚಹಾ ಕೊಡುವ ತನಕ ಕ್ಯಾಮೆರಾ ತೆಗೆಯಲು ಬಿಡಲಿಲ್ಲ. ಚಹಾ ಮುಗಿದ ಮೇಲೆ ಯಾಜ್‌ಮುರಾದ್ ಅವಳ ಮುಂದೆ ಮಂಡಿಯೂರಿ ಕೂತು, "ಅಜ್ಜಿ, ನಿಮಗೆ ಮಗ ಇದಾನಾ?" ಎಂದು ಕೇಳಿದ. ಇಲ್ಲ ಎನ್ನಬೇಕೆಂದು ಮೊದಲೇ ಹೇಳಿಕೊಟ್ಟಿದ್ದರು.

ಅಕ್‌ಜೆಮಾಲ್ ಮಗಳತ್ತ ಬೆರಳು ತೋರಿಸಿದಳು. "ಇವಳ ಹೆಸರೇನು ಗೊತ್ತಲ್ಲ ಮಗಾ? ಅದರರ್ಥ ಗಂಡು ಬೇಕು ಅಂತ. ಪಾಪ, ಹುಟ್ಟಿದ ಮಗೂಗೆ ಎಂಥಾ ಹೆಸರಿಟ್ವಿ. ಹಾಗೆ ಕೇಳಿಕೊಂಡ ಮೇಲೆ ಅವನು ಹುಟ್ಟಿದ. ದೇವರು ಕೊಟ್ಟ ಅಂತ ಅವನ ಹೆಸರು. ನಾನೇ ಬೇಡಿ ಈಸ್ಕೊಂಡಿದ್ದು. ವಾಪಸ್ ಕೊಡೋದು ಹೇಗೆ, ಆ ಮಂತ್ರ ನಂಗೆ ಬರೋದಿಲ್ಲ. ನಿಂಗೆ ಬಂದ್ರೆ ಹೇಳ್ಕೊಡು."

ಕ್ಯಾಮೆರಾದವನು ಕಣ್ಣನ್ನು ಯಂತ್ರದಿಂದ ಎತ್ತಲೇ ಇಲ್ಲ. ಯಾಜ್‌ಮುರಾದ್ ಮತ್ತೊಮ್ಮೆ ಕೇಳಿದ, ಮಗದೊಮ್ಮೆ ಕೇಳಿದ. ಮುದುಕಿ ಪ್ರತಿ ಸಲವೂ ಮಗಳ ಹೆಸರಿನಿಂದಲೇ ಶುರುಮಾಡಿದಳು. ಕೊನೆಗೆ ಅವನು ಓಗುಲ್‌ಗೆರೆಕ್‌ಳತ್ತ ತಿರುಗಿ, "ನೀವಾದ್ರೂ ಹೇಳಿ" ಎಂದ.

ಅವಳು ತಾಯಿಯ ಮಗ್ಗುಲಿಗೆ ಹೋಗಿ ಕೂತಳು. "ನಾನು ಹೇಳೋದು ಆಗಿಹೋಗಿದೆ. ಇನ್ನು ಹೇಳೋದಿಲ್ಲ" ಎಂದಳು. ಅವಳೆಂದೂ ಅಷ್ಟು ಮೆಲ್ಲಗೆ ಮಾತಾಡಿರಲಿಲ್ಲ.

ಯಾಜ್‌ಮುರಾದ್ ಬಟ್ಟಲಿನಲ್ಲಿ ಉಳಿದಿದ್ದ ಚಹಾ ಕುಡಿದು ಎದ್ದ. "ಚಹಾ ಚೆನ್ನಾಗಿತ್ತು, ಅಜ್ಜಿ" ಎಂದು ಹೊರಟುಹೋದ. ಅದರ ಮರುವಾರ ಪತ್ರಿಕೆಯಲ್ಲಿ ಕರಡು ತಿದ್ದುವವರ ಅಗತ್ಯವಿಲ್ಲವೆಂದು ಸಂಪಾದಕ ತಿಳಿಸಿದ. ಹೇಳುವಾಗ ಅವಳ ಮುಖ ನೋಡಲಾರದೆ ಕಿಟಕಿ ನೋಡುತ್ತಿದ್ದ. ಮನೆಯ ಎದುರಿಗೆ ಬೂದುಬಣ್ಣದ ಕಾರೊಂದು ಬಂದು ನಿಲ್ಲತೊಡಗಿತು. ಅದರಲ್ಲಿ ಕೂತವರು ಸೂರ್ಯಕಾಂತಿ ಬೀಜ ತಿಂದು ಸಿಪ್ಪೆಯನ್ನು ಅವಳ ಬಾಗಿಲಿಗೇ ಉಗುಳುತ್ತಿದ್ದರು. ಅವಳು ದಿನಾ ಗುಡಿಸುತ್ತಿದ್ದಳು. ನೆರೆಯವರು ಎದುರಿಗೆ ಸಿಕ್ಕರೆ ರಸ್ತೆಯ ಆ ಬದಿಗೆ ದಾಟುವರು, ಹಿತ್ತಲ ಗೋಡೆಯ ಮೇಲಿಂದ ಬದನೆಕಾಯಿಯೋ ಟೊಮೆಟೊವೋ ಇಳಿಬಿಡುವರು. ಅವಳು ಮದುವೆ ಮನೆಗಳಿಗೆ ಅಂಗಿಯ ಕೊರಳಪಟ್ಟಿಗೆ ಕಸೂತಿ ಹಾಕಿಕೊಟ್ಟು ಸಂಸಾರ ತೂಗಿಸಿದಳು. ಕಸೂತಿ ಬೇಕೆಂದವರು ತಾವು ಬರುತ್ತಿರಲಿಲ್ಲ, ಮಕ್ಕಳ ಕೈಯಲ್ಲಿ ಬಟ್ಟೆ ಕಳಿಸುತ್ತಿದ್ದರು. ಮೊಮ್ಮಗಳು ಫೋನಿನ ಗಾಜಿನೊಳಗೆ ಕೂರಲು ಕಲಿತಳು, ಹಲ್ಲು ಬರಿಸಿಕೊಂಡಳು. ಅಜ್ಜಿಯನ್ನು ನೆಕ್ಕಲು ಹೋಗಿ ಗಾಜನ್ನು ಮಂಜಾಗಿಸಿದಳು.

ಒಂದು ಮಧ್ಯಾಹ್ನ ಹುದಾಯ್‌ಬೆರ್ದಿ ಕರೆ ಮಾಡಿದ.

"ಅಕ್ಕ, ನಾನಿದನ್ನ ಬಿಟ್ಬಿಡ್ತೀನಿ. ಇಲ್ಲಿ ಟ್ರಕ್ ಓಡಿಸೋ ಕೆಲಸ ಸಿಗುತ್ತೆ. ನಾನು ಸುಮ್ನಾದ್ರೆ ನಿನ್ನ ಬಿಡ್ತಾರೇನೋ."

ಅವಳಿಗೆ ಹೂಂ ಎನ್ನಲು ಮನಸ್ಸಾಗಿತ್ತು, ಸುಳ್ಳೇಕೆ. ಬಾಗಿಲು ತೆರೆದ ಹಾಗೆ, ಮಗು ತೊಡೆಯ ಮೇಲೆ ಭಾರವಾಗಿ ಕೂತ ಹಾಗೆ ಅವಳಿಗೆ ಅನ್ನಿಸಿಬಿಟ್ಟಿತು. ಒಳಗಡೆ ತಾಯಿ ಕೆಮ್ಮಿದಳು.

"ನಾನು ಅವರು ಹೇಳಿದ ಹಾಗೆ ಓದಿದೆ. ಬಿಟ್ರಾ?" ಎಂದಳು.

"ಇಲ್ಲ."

"ನೀನು ಸುಮ್ನಾದ್ರೆ, ಆಮೇಲೆ ಬಂದು ಅವರನ್ನ ಹೊಗಳು ಅಂತಾರೆ. ಅದಕ್ಕೆ ಕೊನೆ ಎಲ್ಲಿ?" ಅವಳು ಉಸಿರೆಳೆದುಕೊಂಡಳು. "ಬಿಬಿಹಲ್ ಚಿಕ್ಕಮ್ಮನ್ನ ಆಸ್ಪತ್ರೆಗೆ ಸೇರಿಸಿದಾರೆ. ಸೂಜಿ ನಾವೇ ತಗೊಂಡು ಹೋಗ್ಬೇಕು. ಔಷಧಿ ನಾವೇ. ಕೊನೆಗೆ ಗಾಯ ಒರೆಸೋ ಹತ್ತಿನೂ ನಾವೇ. ಈ ಊರಲ್ಲಿ ಹತ್ತಿ ಇಲ್ವಂತೆ."

ಆ ಕಡೆ ಕುರ್ಚಿ ಎಳೆದುಕೊಂಡ, ಕಾಗದ ತಿರುವಿದ ಸದ್ದು ಕೇಳಿಸಿತು.

"ನಿಧಾನಕ್ಕೆ ಹೇಳು, ಅಕ್ಕ. ಯಾವತ್ತು ಸೇರಿಸಿದ್ದು?"

ಓಗುಲ್‌ಗೆರೆಕ್ ಎದ್ದು ಬೀದಿಯ ಕಡೆಯ ಕಿಟಕಿಯನ್ನು ಮುಚ್ಚಿದಳು, ಪರದೆ ಎಳೆದಳು. ಸೆಕೆಗೆ ಕೋಣೆ ಆಗಲೇ ಬೇಯುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಮೊದಲಿನಿಂದ ಹೇಳತೊಡಗಿದಳು.