ತಂತಿಗೆ ಹತ್ತದ ಖಾರ

ಅವತ್ತು ನನ್ನ ಕಣ್ಣು ಕೆಂಪಾಗಿದ್ದು ಅತ್ತಿದ್ದಕ್ಕೆ. ಖಾರದಿಂದಲ್ಲ. ಇಷ್ಟನ್ನು ಬರೆಯಲು ನನಗೆ ಇಪ್ಪತ್ತಾರು ವರ್ಷ ಹಿಡಿಯಿತು — ಆಗಲೇ ಹೇಳಿಬಿಟ್ಟಿದ್ದರೆ ಅರ್ಧ ನಿಮಿಷದ ನಾಚಿಕೆ, ಅಷ್ಟೇ ಆಗಿರುತ್ತಿತ್ತು.

ನಾನು ಓದಿದ್ದು ಹಾವೇರಿಯ ಒಂದು ಕಾನ್ವೆಂಟಿನಲ್ಲಿ. ಶಾಲೆಗೆಲ್ಲ ಒಂದೇ ಗಿಟಾರು. ಮಂಗಳೂರು ಕಡೆಯ ಸಿಸ್ಟರ್ ಲಿಲ್ಲಿ ಅದನ್ನು ಹಳೆಯ ಪರದೆಯ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡುತ್ತಿದ್ದರು. ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಕಲಿಯಲು ಉಳಿದವರು ಇಬ್ಬರೇ — ನಾನು, ಮತ್ತು ರೆಹಾನಾ.

ರೆಹಾನಾ ದಿನಾ ಬ್ಯಾಡಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ತಾಯಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಸುಗ್ಗಿಯ ಕಾಲದಲ್ಲಿ ಶಾಲೆ ಮುಗಿದ ಮೇಲೆ ಇವಳೂ ತಾಯಿಯ ಪಕ್ಕ ಕೂರುತ್ತಿದ್ದಳು. ಹೆಬ್ಬೆರಳು, ತೋರುಬೆರಳು, ಒಂದು ಸಣ್ಣ ತಿರುವು — ತೊಟ್ಟು ಕೈಗೆ, ಕಾಯಿ ಬುಟ್ಟಿಗೆ. ಆರು ವರ್ಷದವಳಿದ್ದಾಗಿನಿಂದ ಆ ಬೆರಳುಗಳು ಅದನ್ನೇ ಮಾಡಿದ್ದವು. ಗಿಟಾರಿನ ಮೇಲೂ ಅವು ಹಾಗೇ ಆಡುತ್ತಿದ್ದವು. ಹೆಬ್ಬೆರಳು ದಪ್ಪ ತಂತಿಯ ಮೇಲೆ ನಿಧಾನ ನಡೆಯುತ್ತಿದ್ದರೆ ಉಳಿದ ಬೆರಳುಗಳು ಮೇಲೆ ಬೇರೆಯೇ ಮಾತಾಡುತ್ತಿದ್ದವು. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ಕೂತು ಬಾರಿಸುತ್ತಿದ್ದಾರೆ ಅನ್ನಿಸಬೇಕು.

ನಾನು ಬಾರಿಸುತ್ತಿದ್ದದ್ದು ಪಿಕ್ಕಿನಿಂದ. ಉಗುರಿಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಚೂರು, ಮೂರು ಮೂಲೆ. ಬೆರಳ ನಡುವೆ ಹಿಡಿದು ಎಲ್ಲಾ ತಂತಿಗಳನ್ನೂ ಒಟ್ಟಿಗೆ ಗೀರಬೇಕು. ಸದ್ದು ಜೋರು, ಬೆರಳಿಗೆ ನೋವಿಲ್ಲ. ನನ್ನದು ತಪ್ಪೇನೂ ಇರುತ್ತಿರಲಿಲ್ಲ. ಆದರೆ ನಾನು ಬಾರಿಸಿದರೆ ಒಬ್ಬಳೇ ಬಾರಿಸಿದ ಹಾಗೆ ಕೇಳುತ್ತಿತ್ತು.

ವಾರ್ಷಿಕೋತ್ಸವದ ಪ್ರಾರ್ಥನೆಗೆ ಒಬ್ಬರನ್ನು ಆರಿಸಬೇಕಿತ್ತು. ಸಿಸ್ಟರ್ ರೆಹಾನಾಳ ಹೆಸರು ಹೇಳಿದರು. ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ಬಾತ್‌ರೂಮಿಗೆ ಹೋಗಿ, ನಲ್ಲಿ ಪೂರ್ತಿ ಬಿಟ್ಟು, ಅತ್ತೆ. ಹೊರಗೆ ಬಂದರೆ ಸಿಸ್ಟರ್ ಎದುರಿಗೇ ನಿಂತಿದ್ದರು.

“ಎಂತ ಮಗು ಇದು? ಕಣ್ಣು ನೋಡು, ಮೆಣಸಿನ ಹಾಗೆ ಕೆಂಪಾಗಿದೆ!”

ಹೊಟ್ಟೆಕಿಚ್ಚಿಗೆ ಅತ್ತೆ ಎಂದು ಹೇಗೆ ಹೇಳುವುದು — ಹದಿನಾಲ್ಕರ ಹುಡುಗಿ, ತರಗತಿಯಲ್ಲಿ ಒಳ್ಳೆಯವಳು ಅನ್ನಿಸಿಕೊಂಡವಳು. ಅವರ ಬಾಯಿಂದಲೇ ಬಿದ್ದ ಮಾತನ್ನು ಹಿಡಿದುಕೊಂಡೆ.

“ತಂತಿಗೆ ಖಾರ ಹತ್ತೇತ್ರಿ ಸಿಸ್ಟರ್. ರೆಹಾನಾ ಬಾರಿಸಿದ ಮ್ಯಾಲೆ ನಾ ಮುಟ್ಟಿದ್ದೆ.”

ಅಷ್ಟೇ ನಾನು ಆಡಿದ್ದು. ಎರಡು ವರ್ಷ ಅವಳ ಹಿಂದೆಯೇ ಅದೇ ತಂತಿ ಮುಟ್ಟಿದ್ದೆ, ಅದೇ ಕೈಯಲ್ಲಿ ಕಣ್ಣೂ ಉಜ್ಜಿದ್ದೆ. ಏನೂ ಆಗಿರಲಿಲ್ಲ. ಬ್ಯಾಡಗಿ ಕಾಯಿಯಲ್ಲಿ ಬಣ್ಣವೇ ಹೆಚ್ಚು, ಖಾರ ಕಡಿಮೆ ಎನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಯಾರೂ ನೆನಪಿಸಿಕೊಳ್ಳಲಿಲ್ಲ.

ಸಿಸ್ಟರ್ ಕೆಟ್ಟವರಲ್ಲ. ರೆಹಾನಾಳನ್ನು ಪಕ್ಕಕ್ಕೆ ಕರೆದು, ಮೆತ್ತಗೆ, ಅವಳ ಅಂಗೈಯಲ್ಲಿ ಒಂದು ಪಿಕ್ಕು ಇಟ್ಟರು. “ಬರಿಬೆರಳು ಬೇಡ ಮಗು. ಇದರಲ್ಲೇ ನುಡಿಸು. ಬೇರೆ ಮಕ್ಕಳ ಕಣ್ಣಿನ ವಿಷಯ ಅಲ್ವಾ.”

ಒಂದು ಮಾತು ಇಲ್ಲಿ ಹೇಳಲೇಬೇಕು. ಬಲಗೈಗೆ ಪಿಕ್ಕು ಕೊಟ್ಟರೂ ಎಡಗೈಯ ನಾಲ್ಕು ಬೆರಳು ತಂತಿಯನ್ನು ಒತ್ತಲೇಬೇಕು. ಖಾರ ಇದ್ದದ್ದೇ ಆದರೆ ಅಲ್ಲಿಂದಲೂ ಹತ್ತುತ್ತಿತ್ತು. ಇದು ಸಿಸ್ಟರಿಗೆ ಹೊಳೆಯಲಿಲ್ಲ, ರೆಹಾನಾಳಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು, ಆ ಕ್ಷಣದಲ್ಲೇ. ನಾನು ಸುಮ್ಮನಿದ್ದೆ.

ಎರಡೇ ದಿನದಲ್ಲಿ ಗಿಟಾರು ಮುಟ್ಟದವರ ಕಣ್ಣುಗಳೂ ಉರಿಯತೊಡಗಿದವು. “ಏ ಖಾರಪುಡಿ, ಅತ್ತಾಗ ಸರೀ, ಸೀನು ಬರಾಕತ್ತಾವು!” ಎಂದು ಹುಡುಗಿಯರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಅವಳ ಊಟದ ಡಬ್ಬಿಗೆ ಕೈ ಹಾಕುವುದನ್ನು ಬಿಟ್ಟರು. ಬೆಂಚಿನ ಮೇಲೆ ನಾನೂ ಒಂದು ಗೇಣು ಸರಿದು ಕೂತೆ.

ಇದಕ್ಕಿಂತ ಕೆಟ್ಟದ್ದೊಂದಿದೆ. ಅವಳು ದಿನಾ ಕೈ ತೊಳೆಯುತ್ತಿದ್ದಳು — ಮೊದಲು ಹುಣಸೆಹಣ್ಣು, ಆಮೇಲೆ ಮೊಸರು, ಕೊನೆಗೆ ಸೀಮೆಎಣ್ಣೆ, ಅದರ ವಾಸನೆ ಹೋಗಲು ಮತ್ತೆ ಸಾಬೂನು. ಬೆರಳ ತುದಿಗಳು ಬಿಳಿಚಿ ಸುಲಿದಿದ್ದವು. ಒಂದು ಬೆಳಿಗ್ಗೆ ಎರಡೂ ಕೈ ನನ್ನ ಮುಖದ ಹತ್ತಿರ ಹಿಡಿದು ಕೇಳಿದಳು: “ವಾಸ್ನಿ ನೋಡ ಶೈಲಾ, ಈಗರ ಹೋಗೇತೇನು?”

ಬರೀ ಸಾಬೂನಿನ ವಾಸನೆ. ನಾನು, “ಸ್ವಲ್ಪ ಐತಿ” ಅಂದೆ.

ಮೊದಲಿನದು ಅಳು ಮುಚ್ಚಲು ಆಡಿದ್ದು. ಇದನ್ನು ಆಡಿದ್ದಕ್ಕೆ ಅಂಥ ನೆಪವೂ ಇರಲಿಲ್ಲ.

ವಾರ್ಷಿಕೋತ್ಸವದ ದಿನ ಅವಳು ಪಿಕ್ಕು ಹಿಡಿದೇ ಕೂತಳು. ಹತ್ತು ದಿನದ ಅಭ್ಯಾಸ. ಸುಲಿದ ಬೆರಳಿಗೆ ಹಿಡಿತ ಸಿಗುತ್ತಿರಲಿಲ್ಲ. ಪ್ರಾರ್ಥನೆಯ ಎರಡನೆಯ ಸಾಲಿಗೆ ಪಿಕ್ಕು ಜಾರಿ ಗಿಟಾರಿನ ನಡುವಿನ ತೂತಿನೊಳಗೆ ಬಿತ್ತು. ಅವಳು ಗಿಟಾರನ್ನು ಬೋರಲು ಮಾಡಿ ಅಲ್ಲಾಡಿಸಿದಳು. ಒಳಗೆ ಅದು ಲೊಟಲೊಟ ಎನ್ನುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ. ಬೆರಳಿಟ್ಟಿದ್ದರೆ ಸಾಕಿತ್ತು, ಆ ಸಭೆ ಸ್ತಬ್ಧವಾಗುತ್ತಿತ್ತು. ಅವಳು ಇಡಲಿಲ್ಲ. ಬೇಡ ಅಂದಿದ್ದರಲ್ಲ — ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನನ್ನ ಕಡೆ ನೋಡಿದಳು. ಸಿಸ್ಟರ್ ಗಿಟಾರನ್ನು ನನಗೆ ಕೊಟ್ಟರು. ನನ್ನ ಜೇಬಿನಲ್ಲಿ ನನ್ನ ಪಿಕ್ಕು ಇತ್ತು. ಪೂರ್ತಿ ಬಾರಿಸಿದೆ. ಚಪ್ಪಾಳೆಯೂ ಬಂತು.

ಆಮೇಲೆ ರೆಹಾನಾ ಗಿಟಾರು ಮುಟ್ಟಲಿಲ್ಲ. ಹತ್ತನೆಯ ತರಗತಿ ಮುಗಿಸಿ ಶಾಲೆ ಬಿಟ್ಟಳು. ನಾನು ಮದುವೆಯಾಗಿ ರಾಣೆಬೆನ್ನೂರಿಗೆ ಬಂದೆ, ಮನೆ, ಮಗಳು. ಮಗಳು ಈಗ ಗಿಟಾರು ಕಲಿಯುತ್ತಿದ್ದಾಳೆ. ಹೋದ ಚಳಿಗಾಲದಲ್ಲಿ ಒಂದು ದಿನ ಕೇಳಿದಳು, “ಮಮ್ಮಿ, ಪಿಕ್ ಛಲೋನೋ ಬೆರಳು ಛಲೋನೋ?” ಕುಕ್ಕರಿನ ಸೀಟಿ ಕೇಳಿದವಳ ಹಾಗೆ ಒಳಗೆ ಎದ್ದು ಹೋದೆ. ಕುಕ್ಕರು ಇಟ್ಟೇ ಇರಲಿಲ್ಲ.

ಫೆಬ್ರವರಿಯಲ್ಲಿ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತರುವ ನೆಪ ಮಾಡಿಕೊಂಡು ಬ್ಯಾಡಗಿಗೆ ಹೋದೆ, ಕೇಳುತ್ತಾ ಕೇಳುತ್ತಾ ರೆಹಾನಾ ಕೆಲಸ ಮಾಡುವ ಶೆಡ್ಡು ಹುಡುಕಿದೆ. ಕೆಂಪು ರಾಶಿಯ ಸುತ್ತ ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು. ನಾನು ಗುರುತಿಸುವ ಮೊದಲೇ ಅವಳು ಬಟ್ಟೆ ಜಗ್ಗಿ ನಕ್ಕಳು.

“ಏ, ಶೈಲಾ ಅಲ್ಲೇನ ನೀ? ಎಷ್ಟ ದಪ್ಪ ಆಗೀಯ ಮಾರಾಯ್ತಿ! ಬಾ, ಕುಂದ್ರ ಬಾ. ಏ ಆಕಿಗೆ ಚೀಲಾ ಹಾಸ್ರಿ, ಕಾನ್ವೆಂಟಿನಾಕಿ ಆಕಿ, ನೆಲದ ಮ್ಯಾಲೆ ಕುಂಡ್ರಂಗಿಲ್ಲ!”

ಎಲ್ಲರೂ ನಕ್ಕರು. ಮಕ್ಕಳೆಷ್ಟು ಎಂದು ಕೇಳಿದೆ.

“ಒಬ್ಬಾಕಿ ಮಗಳು. ಲಗ್ನ ಆತು. ನೋಡಬೇಕಿತ್ತು ಆಕಿ ಕಣ್ಣು — ಹಿಂಗ ದೊಡ್ಡವು. ಸಣ್ಣಾಕಿದ್ದಾಗ ನಮ್ಮ ಅತ್ತಿನ ದಿನಾ ಕಾಡಿಗಿ ಹಚ್ತಿದ್ಲು.”

“ನೀ ಹಚ್ಚತಿದ್ದಿಲ್ಲಾ?”

“ನಾ ಹೆಂಗ ಹಚ್ಚಲಿ? ನನ್ನ ಕೈ ನಿನಗ ಗೊತ್ತಿಲ್ಲೇನು? ನಿನ್ನ ಕಣ್ಣ ಕೆಡಸಿದ್ದೆ.”

ಪಕ್ಕದ ಮುದುಕಿ ಬಾಯಿ ಹಾಕಿದಳು: “ಈಕಿಗೆ ಈಕಿ ಕೈ ಮ್ಯಾಲೇ ಸಂಶೆ ನೋಡ್ರಿ. ನಾವೆಲ್ಲಾ ಇದ ಕೈಲೆ ಕೂಸಿಗೆ ನೀರ ಎರದೇವಿ, ಯಾವ ಕೂಸೂ ಕುಡ್ಡ ಆಗಿಲ್ಲ. ಈಕಿ ಕೂಸಿನ ಮಾರಿ ತೊಳೆಯಾಕ ಸುದ್ದಾ ಅತ್ತೀನ್ನ ಕರೀತಿದ್ಲು!”

ಹೇಳಿದೆ. ಎಲ್ಲವನ್ನೂ — ಬಾತ್‌ರೂಮು, ನಲ್ಲಿ, ಸಾಬೂನಿನ ವಾಸನೆ. ಅವಳ ಬೆರಳುಗಳು ನಿಲ್ಲಲಿಲ್ಲ. ತೊಟ್ಟು ಒಂದು ಕಡೆ, ಕಾಯಿ ಒಂದು ಕಡೆ. ನಾನು ಮುಗಿಸಿದ ಮೇಲೂ ಏಳೆಂಟು ಕಾಯಿ ಬಿಡಿಸಿದಳು.

“ಖಾರ ಇತ್ತು ಅಂತ ತಿಳಕೊಂಡಿದ್ದಾಗ ಅದು ಯಾರ ತಪ್ಪೂ ಆಗಿರಲಿಲ್ಲ,” ಅಂದಳು. “ನಮ್ಮ ಕೆಲಸನ ಹಂಗ ಅಂತ ಸುಮ್ಮನಿದ್ದೆ. ಈಗ ಏನಂತ ಸುಮ್ಮನಿರ್ಲಿ?”

ಕ್ಷಮೆ ಎನ್ನುವ ಶಬ್ದ ಬಾಯಿಗೆ ಬಂದದ್ದನ್ನು ನುಂಗಿದೆ. ಅದನ್ನು ಕೇಳಿದರೆ ಕೊಡುವ ಕೆಲಸವೂ ಅವಳ ತಲೆಗೇ ಬೀಳುತ್ತಿತ್ತು.

“ನನಗ ಹೇಳಿ ಏನ್ ಮಾಡ್ತಿ? ಅವತ್ತು ನಕ್ಕಾರಲ್ಲ, ಅವರಿಗೆ ಹೇಳು. ಏನಂತಾರ, ಬಂದು ನನಗ ಹೇಳು.”

ಹಳೆಯ ಸಹಪಾಠಿಗಳ ಗುಂಪೊಂದು ನನ್ನ ಮೊಬೈಲಿನಲ್ಲಿದೆ. ಮರುದಿನ ಮಧ್ಯಾಹ್ನ ಅದರಲ್ಲಿ ಎಲ್ಲವನ್ನೂ ಬರೆದೆ, ಏನೂ ಬಿಡದೆ. ಒಬ್ಬಳು ಕೇಳಿದಳು: “ಯಾವ ರೆಹಾನಾ?” ಇನ್ನೊಬ್ಬಳು: “ಆಕೀನಾ, ಸ್ಟೇಜ್ ಮ್ಯಾಲೆ ಗಿಟಾರ್ ಬೀಳಿಸಿದಾಕಿ?” ಬೀಳಿಸಿರಲಿಲ್ಲ ಎಂದು ಬರೆದೆ. ಮತ್ತೊಬ್ಬಳು, “ನೀ ಭಾಳ ಸೆನ್ಸಿಟಿವ್ ಶೈಲೂ, ನಿನ್ನಂಥಾ ಮನಸ್ಸು ಯಾರಿಗಿರತೇತಿ” ಎಂದು ಹೃದಯದ ಚಿತ್ರ ಹಾಕಿದಳು. ಅದರ ಕೆಳಗೆ ಆರು ಜನ ಕೈ ಮುಗಿದರು — ನನಗೆ. ಆಮೇಲೆ ಯಾರದೋ ಮಗನ ಹುಟ್ಟುಹಬ್ಬದ ಕೇಕು ಬಂತು. ಎಲ್ಲರೂ ಅದಕ್ಕೆ ಹಾರೈಸಿದರು.

ರೆಹಾನಾಳದು ಗುಂಡಿ ಒತ್ತುವ ಫೋನು. ಇದನ್ನೆಲ್ಲ ಅವಳು ಎಂದೂ ನೋಡಲಾರಳು. ಎಲ್ಲರೂ ಮರುಗಿದರು, ನಿನ್ನನ್ನು ನೆನೆಸಿ ಅತ್ತರು ಎಂದುಬಿಟ್ಟರೆ ಅವಳಿಗೆ ಗೊತ್ತಾಗುವುದೇ ಇಲ್ಲ. ಆ ಮಾತು ಎಷ್ಟು ಸಲೀಸಾಗಿ ತಯಾರಾಗಿದೆಯೆಂದರೆ, ನಿನ್ನೆ ಪಾತ್ರೆ ತೊಳೆಯುವಾಗ ನನ್ನ ಬಾಯಿ ಅದನ್ನು ತಾನೇ ಒಂದು ಸಲ ಆಡಿ ನೋಡಿತು. ಕೇಳಲು ಹಿತವಾಗಿತ್ತು.

ಸೋಮವಾರ ಬ್ಯಾಡಗಿಗೆ ಹೋಗುತ್ತೇನೆ. ಯಾವ ರೆಹಾನಾ ಎಂದು ಕೇಳಿದರು — ಹೀಗೆಯೇ ಹೇಳುತ್ತೇನೆ. ಎದ್ದು ಹೋಗು ಅಂದರೆ ಎದ್ದು ಬರುತ್ತೇನೆ. ಅನ್ನದೆ ಹೋದರೆ, ಅವಳು ಕೆಲಸ ಮುಗಿಸುವವರೆಗೂ ಅಲ್ಲೇ ಕೂತಿರುತ್ತೇನೆ.