ಅಕ್ಕೋರು ಕಡೀಕೆ ಬರೆಸಬೇಕೆಂದಿದ್ದ ಹೆಸರು

ಕಳೆದ ವಾರ ಅಲಮಾರಿಯ ಕೆಳಗಿನ ಖಾನೆ ಖಾಲಿ ಮಾಡುವಾಗ ಹಳೆಯ ಸೀರೆಗಳ ಅಡಿಯಲ್ಲಿ ಒಂದು ಕಾಗದದ ಕಟ್ಟು ಸಿಕ್ಕಿತು. ಬಿಚ್ಚಿದರೆ ನುಸಿಗುಳಿಗೆಯ ಘಾಟಿನ ಜೊತೆಗೆ ಹಳೆಯ ಪ್ರಿಂಟರ್ ಮಸಿಯ ವಾಸನೆ. ಇಂಗ್ಲೆಂಡಿನ ಯಾವುದೋ ಹಳ್ಳಿಯ ಕಲ್ಲಿನ ಮನೆಗಳ ಚಿತ್ರ. ಬಣ್ಣ ಮಾಸಿ ಆಕಾಶವೆಲ್ಲ ಹಳದಿಯಾಗಿತ್ತು. ಅಂಚಿನಲ್ಲಿ ಕೆಂಪು ಪೆನ್ನಿನ ದುಂಡನೆಯ ಅಕ್ಷರ: ‘ಇವರಿಗೂ ನೀರು ದೂರ ಇತ್ತು.’ ಅಕ್ಕೋರ ಕೈಬರಹ. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ...

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ಅವರು ನನಗೆ ಕಲಿಸಿದವರಲ್ಲ, ನನ್ನ ಅಂಗಡಿಗೆ ಬರುತ್ತಿದ್ದವರು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಮುನಿರಾಬಾದಿನ ಡ್ಯಾಮ್ ಕಾಲೊನಿಯ ಹತ್ತಿರ ನಾನು ಮೂರು ಕಂಪ್ಯೂಟರ್ ಇಟ್ಟುಕೊಂಡು ಇಂಟರ್ನೆಟ್ ಅಂಗಡಿ ನಡೆಸುತ್ತಿದ್ದೆ. ಚಿತ್ರವೊಂದು ತಲೆಯಿಂದ ಕಾಲಿನವರೆಗೆ ಮೂಡಿ ಬರುವಷ್ಟರಲ್ಲಿ ಒಂದು ಕಪ್ ಚಹಾ ಮುಗಿಯುತ್ತಿದ್ದ ಕಾಲ. ಒಂದು ಮಧ್ಯಾಹ್ನ ಬಿಳಿಕೂದಲಿನ ಹೆಂಗಸೊಬ್ಬರು ಕೊಡೆ ಮಡಚಿ ಬಾಗಿಲಿಗೆ ಆನಿಸಿಟ್ಟು ಒಳಗೆ ಬಂದರು.

“ಇಂಗ್ಲೆಂಡಿನ ಹಳ್ಳ್ಯಾಗ ಮಂದಿ ಹೆಂಗ ಬಾಳೇವು ಮಾಡತಿದ್ರು, ಇದರಾಗ ಸಿಗತೈತೇನವ್ವಾ? ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳೀನಿ. ಹೆಡ್ಜ್ ಅಂದ್ರ ಬೇಲಿ, ಕಾಟೇಜ್ ಅಂದ್ರ ಗುಡಿಸಲಾ ಅಂತ ಹೇಳಿಕೋತ ಬಂದೆ. ರಿಟೈರ್ ಆಗೇನಿ. ಒಮ್ಮೆರ ಕಣ್ಣಿಲೆ ನೋಡಬೇಕು.”

ಹಾಗೆ ಶುರುವಾಯಿತು. ವಾರಕ್ಕೆ ಮೂರು ದಿನ ಬರುತ್ತಿದ್ದರು. ಸೋಮವಾರಕ್ಕೊಮ್ಮೆ ಹಂಡೆಗಟ್ಟಲೆ ನೀರು ಕಾಯಿಸಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು, ಸುಗ್ಗಿ ಮುಗಿದ ಹೊಲದಲ್ಲಿ ಉದುರಿದ ತೆನೆ ಆಯುತ್ತಿದ್ದ ಮಕ್ಕಳು, ದನ ಮೇಯುವ ಊರೊಟ್ಟಿನ ನೆಲಕ್ಕೆ ಬೇಲಿ ಬಿದ್ದು ಊರು ಬಿಟ್ಟವರು... ಎಲ್ಲವನ್ನೂ ಓದಿ ನನಗೂ ಹೇಳುತ್ತಿದ್ದರು. ತನ್ನ ಬಂಗಲೆಯ ಮುಂದಿನ ನೋಟಕ್ಕೆ ಅಡ್ಡವಾಗುತ್ತದೆಂದು ಜಮೀನ್ದಾರನೊಬ್ಬ ಇಡೀ ಹಳ್ಳಿಯನ್ನೇ ಕಿತ್ತು ಬೇರೆ ಕಡೆ ಇಟ್ಟ ಸಂಗತಿ ಓದಿದ ದಿನ ಮಾತ್ರ ಅವರ ಕೈ ಮೌಸಿನ ಮೇಲೆ ಹಾಗೇ ನಿಂತಿತು.

“ಇವರನ್ನೂ ಎಬ್ಬಿಸ್ಯಾರ ನೋಡು,” ಎಂದರು.

ಅವರ ಊರು ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿತ್ತೆಂದು ನನಗೆ ಗೊತ್ತಾದದ್ದು ಅಂದೇ. ಆಗ ಅವರಿಗೆ ಹತ್ತು ವರ್ಷವಂತೆ. ಊರಿನವರು ಚಕ್ಕಡಿಗಳಲ್ಲಿ ಮನೆಯ ತೊಲೆ, ಬಾಗಿಲು ಹೇರಿಕೊಂಡು ಚೆಲ್ಲಾಪಿಲ್ಲಿಯಾದರಂತೆ.

ಕೆಲವು ತಿಂಗಳ ಮೇಲೆ ಒಂದು ಪುಟ ತೆರೆದುಕೊಂಡಿತು. ಅಲ್ಲಿನ ಸಣ್ಣ ಹಳ್ಳಿಯೊಂದರ ಚರ್ಚಿನ ಹಳೆಯ ದಫ್ತರದ ನಕಲು. ಹುಟ್ಟಿದವರು, ಮದುವೆಯಾದವರು, ಮಣ್ಣಾದವರು, ಎಲ್ಲರ ಹೆಸರೂ ಇತ್ತು. ಮುನ್ನೂರು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡ ಕೂಲಿಯವನ ಎರಡು ವರ್ಷದ ಕೂಸಿನ ಹೆಸರು ಕೂಡ. ಅಕ್ಕೋರು ಅದನ್ನೇ ಬಹಳ ಹೊತ್ತು ನೋಡಿದರು. ಆ ಪುಟ ನಡೆಸುತ್ತಿದ್ದ ಅಲ್ಲಿನ ಹೆಣ್ಣುಮಗಳಿಗೆ ಇ-ಮೇಲ್ ಬರೆದರು; ನಾನೇ ಟೈಪ್ ಮಾಡಿದೆ. ಎಂಟನೆಯ ದಿನಕ್ಕೆ ಉತ್ತರ ಬಂತು. ನಿಮ್ಮ ಊರಿಗೆ ದಫ್ತರ ಇಲ್ಲದಿದ್ದರೆ ವಯಸ್ಸಾದವರು ಇರುವಾಗಲೇ ಕೇಳಿ ಬರೆದಿಡಿ ಎಂದಿತ್ತು.

ಅಕ್ಕೋರು ತಮ್ಮ ಊರಿನವರನ್ನು ಹುಡುಕಿಕೊಂಡು ಬಸ್ಸಿನಲ್ಲಿ ಒಬ್ಬರೇ ತಿರುಗಿದರು. ಕೊಪ್ಪಳ, ಗಂಗಾವತಿ, ಕುಷ್ಟಗಿ ಸೀಮೆಯ ಹಳ್ಳಿಗಳು. ಯಲಬುರ್ಗಾ ಕಡೆಯ ಮಂಗಳೂರಿಗೆ ಮದುವೆಯಾಗಿ ಹೋಗಿದ್ದ ಊರ ಮಗಳ ಮನೆ... ಬರೆದು ತಂದದ್ದನ್ನು ನಾನು ಟೈಪ್ ಮಾಡುತ್ತಿದ್ದೆ. ಗಂಡಸರ ಹೆಸರು ಬೇಗ ಸಿಗುತ್ತಿತ್ತು, ಹೆಂಗಸರದು ಸಿಗುತ್ತಿರಲಿಲ್ಲ. ಒಬ್ಬ ಮುದುಕನಿಗೆ ಹೆತ್ತವಳ ಹೆಸರೇ ನೆನಪಿರಲಿಲ್ಲವಂತೆ. “ಅವ್ವ ಅಂತಿದ್ವಿರೀ, ಹೆಸರು ಯಾರು ಕೇಳಿದ್ರು?” ಎಂದನಂತೆ. ಅದನ್ನು ಹೇಳುವಾಗ ಅಕ್ಕೋರು ನಗಲಿಲ್ಲ.

ಎಲ್ಲ ಮುಗಿಯುತ್ತ ಬಂದಿತ್ತು. ಒಂದು ದಿನ ಕರೆಂಟು ಹೋಯಿತು. ಯುಪಿಎಸ್ ಕುಂಯ್ ಕುಂಯ್ ಎಂದು ಕೂಗತೊಡಗಿತು. ನಾನು ಗಡಬಡಿಸಿ ಒಂದೊಂದೇ ಮಷೀನು ಬಂದ್ ಮಾಡುತ್ತಿದ್ದೆ. ಹಿಂದೆ ಕುಳಿತ ಅಕ್ಕೋರು ಮಾತು ತೆಗೆದರು.

“ನನಗೊಬ್ಬಾಕಿ ತಂಗಿ ಇದ್ಲವ್ವಾ. ಊರು ಬಿಡೂ ವರ್ಷ ಜ್ವರ ಬಂದು ಹೋದ್ಲು, ಮೂರು ವರ್ಷದಾಕಿ. ಹೊಲದ ಬದುವಿನ್ಯಾಗ ಮಣ್ಣು ಮಾಡಿದ್ರು. ಈಗ ಅದರ ಮ್ಯಾಲೆ ನೀರೈತಿ. ನಮ್ಮವ್ವ ಸಾಯೂತನಾ ಅಕಿ ಹೆಸರು ತಗೀಲಿಲ್ಲ. ಅಕೀದು ಕಡೀಕೆ ಬರಿಯೂಣು, ಎಲ್ಲಾರದೂ ಮುಗೀಲಿ.”

“ಏನ್ರೀ ಹೆಸರು?” ಎಂದೆ, ಪರದೆಯಿಂದ ಕಣ್ಣು ತೆಗೆಯದೆ.

ಅವರು ಹೇಳಿದರು. ನಾನು “ಹ್ಞೂಂರಿ” ಎಂದೆ.

ಮುಂದಿನ ವಾರ ಕುಷ್ಟಗಿ ಕಡೆ ಹೋದವರು ಬಸ್ಸಿನಲ್ಲೇ ಎದೆನೋವು ಬಂದು ತೀರಿಕೊಂಡರು. ನನಗೆ ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹದಿನೈದು ದಿನದ ಮೇಲೆ ಅವರ ತಮ್ಮನ ಮಗ ಅಂಗಡಿಗೆ ಬಂದರು. ಅತ್ತಿಯ ಕೆಲಸವನ್ನು ಪುಸ್ತಕ ಮಾಡಿಸಿ ಊರಿನವರಿಗೆ ಹಂಚುತ್ತೇನೆ ಎಂದರು.

“ಇನ್ನೇನರ ಬರಿಯೂದು ಉಳದೈತೇನ್ರಿ?”

ಆ ಹದಿನೈದು ದಿನ ನಾನು ಆ ಹೆಸರಿಗಾಗಿ ತಲೆ ಜಾಲಾಡಿದ್ದೆ. ಗ ಅಕ್ಷರದಿಂದ ಶುರುವಾಗಿತ್ತೇ? ಅದೂ ನಿಜವೋ, ನಾನೇ ಕಟ್ಟಿಕೊಂಡದ್ದೋ... ಯುಪಿಎಸ್ಸಿನ ಕೂಗು ಮಾತ್ರ ಚೆನ್ನಾಗಿ ನೆನಪಿತ್ತು. ಮರೆತೆನೆಂದು ಹೇಳಲು ನಾಚಿಕೆಯಾಯಿತು.

“ಇಲ್ರಿ,” ಎಂದೆ. “ಎಲ್ಲಾ ಮುಗದೈತಿ.”

ಪುಸ್ತಕ ಆಯಿತು. ಮುಳುಗಿದ ಊರಿನ ಮನೆಮನೆಯ ಹೆಸರು ಅದರಲ್ಲಿ ಬಂತು, ಅದೊಂದು ಬಿಟ್ಟು. ಎಷ್ಟೋ ವರ್ಷದ ಮೇಲೆ, ನಾನು ಅಂಗಡಿ ಮುಚ್ಚಿ ಮದುವೆಯಾಗಿ ಗಂಗಾವತಿಗೆ ಬಂದ ನಂತರ, ಅಕ್ಕೋರ ತಮ್ಮನ ಮಗನಿಗೆ ಫೋನ್ ಮಾಡಿ ನಿಜ ಹೇಳಿದೆ. “ನಮ್ಮತ್ತಿಗೆ ತಂಗಿ ಇದ್ಲೇನ್ರಿ?” ಎಂದು ಕೇಳಿದರು.

ಇಂಗ್ಲೆಂಡಿನ ಆ ಹೆಣ್ಣುಮಗಳಿಗೆ ಅಕ್ಕೋರು ಆಮೇಲೆ ತಾವೇ ಟೈಪ್ ಮಾಡಿ ಆ ಹೆಸರು ಬರೆದಿದ್ದರೇನೋ ಎಂಬ ಆಸೆ ಒಂದಿತ್ತು. ಪುಟ ಹುಡುಕಿದೆ. ಅಂಥ ಪುಟವೇ ಇಲ್ಲ ಎಂದು ಬಂತು. ಪತ್ರ ಕಳಿಸಿದೆ; ವಿಳಾಸ ಇಲ್ಲವೆಂದು ವಾಪಸಾಯಿತು. ಅಕ್ಕೋರ ಇ-ಮೇಲ್ ಪೆಟ್ಟಿಗೆಯೂ ಬಳಸುವವರಿಲ್ಲದೆ ಅಳಿಸಿಹೋಗಿತ್ತು.

ಅನ್ನಕ್ಕೆ ಅಕ್ಕಿ ತೊಳೆಯುವಾಗ, ಬಸ್ಸಿನ ಕಿಟಕಿಗೆ ತಲೆಯಾನಿಸಿದಾಗ, ಆ ಹೆಸರು ಒಮ್ಮೊಮ್ಮೆ ನಾಲಗೆಯ ತುದಿಯವರೆಗೆ ಬರುತ್ತದೆ. ತಿರುಗಿ ನೋಡುವಷ್ಟರಲ್ಲಿ ಇಲ್ಲ. ಅಕ್ಕೋರ ಅವ್ವ ನೋವಿಗೆ ಆ ಹೆಸರನ್ನು ಎತ್ತಲಿಲ್ಲ, ಅಕ್ಕೋರು ಐವತ್ತು ವರ್ಷ ಕಾದಿಟ್ಟುಕೊಂಡರು. ನಾನು ಒಂದು ವಾರವೂ ಇಟ್ಟುಕೊಳ್ಳಲಿಲ್ಲ.

ಆ ಕಾಗದಗಳು ಸಿಕ್ಕ ಮರುದಿನ ಬಸ್ಸು ಹತ್ತಿ ಹಿನ್ನೀರಿನ ಕಡೆ ಹೋದೆ. ಬೇಸಿಗೆ, ನೀರು ಬಹಳ ಹಿಂದೆ ಸರಿದು, ಕರಿ ಎರೆಮಣ್ಣು ಬಿರುಕು ಬಿಟ್ಟಿತ್ತು. ದೂರದಲ್ಲಿ ಯಾರದೋ ಮನೆಯ ತಳಪಾಯದ ಕಲ್ಲುಸಾಲು ಕಾಣುತ್ತಿತ್ತು. ನನಗೆ ತೋಚಿದ ಹೆಸರನ್ನೆಲ್ಲ ಕೂಗಿದೆ. ಗೌರವ್ವ... ಗುರವ್ವ... ಗಂಗವ್ವ... ಯಾವುದೂ ಅದಾಗಿರಲಿಲ್ಲ.

ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದ ಮೀನುಗಾರ ತಲೆಯೆತ್ತಿದ.

“ಯಾರನ್ನ ಕರ್ಯಾಕತ್ತೀರಿ ಯಕ್ಕಾ?”

“ಗೊತ್ತಿಲ್ಲೋ ಯಪ್ಪಾ,” ಎಂದೆ.